ನಮ್ಮ ಲೈನಿನ ಬೋರ್ಡನ್ನೂ ಒಮ್ಮೆ ನೋಡಿ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ, ಹಾಗೂ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ 19 ವರ್ಷ ಕೆಲಸ ಮಾಡಿದವಳು. ಮೊದಲು ಹೆಲ್ಪರ್, ಆಮೇಲೆ ಟೈಲರ್, ಕೊನೆಯ 6 ವರ್ಷ ಸೂಪರ್‌ವೈಸರ್. ಈಗ ಬಿಟ್ಟಿದ್ದೇನೆ. ಮನೆ ಹತ್ತಿರವೇ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ನಿಮ್ಮ ಇಲಾಖೆಯ ಹೆಸರಲ್ಲೇ ಸ್ವಾಸ್ಥ್ಯ ಅನ್ನುವ ಮಾತಿದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ ಕಾರ್ಖಾನೆಗಳ ಹೆಸರು ಹೇಳುವುದಿಲ್ಲ. ಮೂರು ಕಡೆ ಮಾಡಿದ್ದೇನೆ, ಮೂರರಲ್ಲೂ ಪದ್ಧತಿ ಒಂದೇ. ಒಂದು ಕಂಪನಿಯ ಮೇಲೆ ದೂರು ಕೊಡುವುದು ನನ್ನ ಉದ್ದೇಶ ಅಲ್ಲ. ಗಾರ್ಮೆಂಟ್ಸ್ ಹೆಂಗಸರಿಗೆ ಬರುವ ಬಿಪಿ, ಸಕ್ಕರೆ, ನಿದ್ದೆ ಬಾರದ ರಾತ್ರಿ, ಉರಿಮೂತ್ರ, ಕತ್ತು ನೋವು ಇವೆಲ್ಲ ಎಲ್ಲಿಂದ ಶುರುವಾಗುತ್ತವೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಆ ಜಾಗವನ್ನು ಇಲ್ಲಿಯತನಕ ಯಾವ ಇನ್‌ಸ್ಪೆಕ್ಟರೂ ಪರೀಕ್ಷೆ ಮಾಡಿದ್ದು ನಾನು ನೋಡಿಲ್ಲ. ಅದನ್ನು ನಿಮಗೆ ತೋರಿಸಬೇಕು.

ಹೊರಗಿನಿಂದ ಬಂದವರಿಗೆ ಮೊದಲು ಕಾಣುವುದು ಮೆಷಿನ್‌ಗಳ ಸಾಲು. ಅದನ್ನೇ ನಾವು ಲೈನ್ ಅನ್ನುತ್ತೇವೆ. ನಮ್ಮ ಕಣ್ಣು ಮೊದಲು ಹೋಗುವುದು ಬೋರ್ಡಿನ ಕಡೆ. ಪ್ರತಿ ಲೈನಿನ ತುದಿಯಲ್ಲಿ ಒಂದು ಬಿಳಿ ಬೋರ್ಡ್ ಇರುತ್ತದೆ. ಎಡಗಡೆ ಗಂಟೆಗಳು: 9ರಿಂದ 10, 10ರಿಂದ 11, ಹೀಗೆ. ಪಕ್ಕದಲ್ಲಿ ಟಾರ್ಗೆಟ್. ಅದರ ಪಕ್ಕದಲ್ಲಿ ಆಗಿದ್ದೆಷ್ಟು. ಮುಟ್ಟಿದರೆ ನೀಲಿ ಮಾರ್ಕರ್, ಮುಟ್ಟದಿದ್ದರೆ ಕೆಂಪು. ಗಂಟೆಗೊಂದು ಸಲ ಫ್ಲೋರ್ ಇನ್‌ಚಾರ್ಜ್ ಬಂದು ಅದರ ಮುಂದೆ ನಿಲ್ಲುತ್ತಾರೆ. ಆ ಎರಡು ನಿಮಿಷ ಲೈನಿನಲ್ಲಿ ಯಾರೂ ತಲೆ ಎತ್ತುವುದಿಲ್ಲ.

ಟಾರ್ಗೆಟ್ ಬರುವುದು ಹೀಗೆ. ಐಇ ಅಂತ ಕರೆಯುವ ಎಂಜಿನಿಯರ್ ಹುಡುಗರು ಸ್ಟಾಪ್‌ವಾಚ್ ಹಿಡಿದು ಒಂದೊಂದು ಆಪರೇಷನ್‌ಗೆ ಎಷ್ಟು ಹೊತ್ತು ಬೇಕು ಅಂತ ಅಳೆಯುತ್ತಾರೆ. ಶರ್ಟಿಗೆ ಪಾಕೆಟ್ ಕೂರಿಸುವುದು ಅಂದುಕೊಳ್ಳಿ. ಗಂಟೆಗೆ 100 ಪೀಸ್ ಟಾರ್ಗೆಟ್ ಅಂದರೆ ಒಂದು ಪೀಸಿಗೆ 36 ಸೆಕೆಂಡ್. ಆ 36 ಸೆಕೆಂಡಿನಲ್ಲಿ ಪೀಸ್ ಎತ್ತಬೇಕು, ಮಾರ್ಕಿಗೆ ಸರಿಯಾಗಿ ಪಾಕೆಟ್ ಇಡಬೇಕು, ಹೊಲಿಯಬೇಕು, ಮೂಲೆ ತಿರುಗಿಸಬೇಕು, ದಾರ ಕತ್ತರಿಸಬೇಕು, ಪಕ್ಕದವಳಿಗೆ ತಳ್ಳಬೇಕು. ದಿನಕ್ಕೆ 8 ಗಂಟೆ ಅಂದರೆ 800 ಸಲ. ಲೆಕ್ಕದಲ್ಲಿ ದಣಿವಿಗೆ, ಬಾತ್‌ರೂಮಿಗೆ ಅಂತ ಸ್ವಲ್ಪ ಸಮಯ ಬಿಟ್ಟಿರುತ್ತಾರೆ. ಅದು ಕಾಗದದ ಮೇಲೆ. ಲೈನಿನಲ್ಲಿ ಮಾತ್ರ ಒಬ್ಬಳು 6 ನಿಮಿಷ ಎದ್ದು ಹೋಗಿ ಬಂದರೆ ಅವಳ ಮೆಷಿನ್ ಪಕ್ಕ 10 ಪೀಸ್ ಗುಡ್ಡೆ ಬಿದ್ದಿರುತ್ತದೆ. ಮುಂದಿನವಳು ಕೈ ಕಟ್ಟಿ ಕೂತಿರುತ್ತಾಳೆ. ಇಬ್ಬರಿಗೂ ಬೈಗುಳ.

ಅದಕ್ಕೇ ನಮ್ಮ ಹೆಂಗಸರು ನೀರು ಕುಡಿಯುವುದಿಲ್ಲ. ನಾನೂ ಕುಡಿಯುತ್ತಿರಲಿಲ್ಲ. ಮನೆಯಿಂದ ತಂದ ಬಾಟಲಿ ಸಂಜೆ ಹಾಗೇ ವಾಪಸ್ ಹೋಗುತ್ತಿತ್ತು. ಬೆಳಗ್ಗೆ ಕಾಫಿ ಕುಡಿದರೆ 11 ಗಂಟೆಗೆ ಎದ್ದು ಹೋಗಬೇಕಾಗುತ್ತದೆ ಅಂತ ಕಾಫಿ ಬಿಟ್ಟವರಿದ್ದಾರೆ. ಮುಟ್ಟಿನ ದಿನಗಳಲ್ಲಿ ಪ್ಯಾಡ್ ಬದಲಾಯಿಸದೆ ಮಧ್ಯಾಹ್ನದವರೆಗೆ ಕೂರುವುದು ತೀರ ಮಾಮೂಲಿ. ಕಾರ್ಮಿಕರ ವಿಮೆಯ ಇಎಸ್ಐ ಡಿಸ್ಪೆನ್ಸರಿಗೆ ಹೋದರೆ ಉರಿಮೂತ್ರಕ್ಕೆ ಮಾತ್ರೆ ಕೊಡುತ್ತಾರೆ, ಚೆನ್ನಾಗಿ ನೀರು ಕುಡಿಯಮ್ಮ ಅನ್ನುತ್ತಾರೆ. ಫ್ಲೋರಿನಲ್ಲಿ ಫಿಲ್ಟರ್ ಇದೆ, ಲೋಟ ಇದೆ, ನೀರೂ ಶುದ್ಧವಾಗಿದೆ. ಆಡಿಟ್‌ಗೆ ಬಂದವರು ನೀರನ್ನು ಲ್ಯಾಬಿಗೂ ಕಳಿಸುತ್ತಾರೆ. ಕುಡಿಯುವ ಧೈರ್ಯ ಯಾರಿಗೂ ಇಲ್ಲ ಅನ್ನುವುದು ಯಾವ ಲ್ಯಾಬ್ ರಿಪೋರ್ಟಿನಲ್ಲೂ ಬರುವುದಿಲ್ಲ.

ಈಗ ಒಂದು ದಿನದ ಕಥೆ ಹೇಳುತ್ತೇನೆ. ಇದನ್ನು ಬರೆಯುವುದು ನನಗೆ ಸುಲಭ ಅಲ್ಲ.

ಅವತ್ತು ಬೆಳಗ್ಗೆ ನಮ್ಮ ಲೈನಿಗೆ ಹೊಸ ಸ್ಟೈಲ್, ಅಂದರೆ ಬೇರೆ ಮಾದರಿಯ ಬಟ್ಟೆ, ಬಂದಿತ್ತು. ಸ್ಟೈಲ್ ಚೇಂಜ್ ಆದ ದಿನ ಕೈ ಕೂರುವುದಿಲ್ಲ, ಪ್ರೊಡಕ್ಷನ್ ಬರುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೂ ಶಿಪ್‌ಮೆಂಟ್ ಹತ್ತಿರ ಇತ್ತು ಅಂತ ಟಾರ್ಗೆಟ್ ಇಳಿಸಲಿಲ್ಲ. ಊಟ ಆದಮೇಲೆ ಬೋರ್ಡೆಲ್ಲ ಕೆಂಪು. ಪ್ರೊಡಕ್ಷನ್ ಮ್ಯಾನೇಜರ್ ಎಲ್ಲರೆದುರು ನನಗೆ ಹೇಳಿದ ಮಾತನ್ನು ಇಲ್ಲಿ ಬರೆಯಲಾರೆ. ನಾನು ಸೀದಾ ಹೋಗಿ ಪಾಕೆಟ್ ಮೆಷಿನ್‌ನಲ್ಲಿದ್ದ ಹುಡುಗಿಯ ಮೇಲೆ ಹರಿಹಾಯ್ದೆ. ತುಮಕೂರು ಕಡೆಯ ಹುಡುಗಿ. ಸೇರಿ ಏಳು ತಿಂಗಳಾಗಿತ್ತು. "ಏನೇ, ಕೈಗೆ ಲಕ್ವ ಹೊಡೆದಿದೆಯಾ? ಆಗಲ್ಲ ಅಂದ್ರೆ ಊರಿಗೆ ಹೋಗಿ ದನ ಕಾಯಿ" ಅಂದೆ. ಅವಳು ಏನೂ ಅನ್ನಲಿಲ್ಲ. ಕೈ ನಡುಗುತ್ತಿದ್ದದ್ದು ನನಗೆ ಕಂಡಿತು. ಕಂಡರೂ ಮುಂದಕ್ಕೆ ಹೋದೆ.

ಹತ್ತು ನಿಮಿಷ ಆಗಿರಲಿಲ್ಲ. ಸೂಜಿ ಅವಳ ತೋರುಬೆರಳಿನ ಉಗುರಿನ ಮೇಲೆ ಇಳಿದು ಮುರಿಯಿತು.

ಗಾರ್ಮೆಂಟ್ಸ್‌ನಲ್ಲಿ ಸೂಜಿ ಮುರಿದರೆ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಅದರ ಎಲ್ಲ ಚೂರೂ ಸಿಗಬೇಕು. ಒಂದು ಚೂರು ಬಟ್ಟೆಯಲ್ಲಿ ಉಳಿದು ಹೊರದೇಶದಲ್ಲಿ ಯಾರಿಗಾದರೂ ಚುಚ್ಚಿದರೆ ಬಯರ್, ಅಂದರೆ ಬಟ್ಟೆಗೆ ಆರ್ಡರ್ ಕೊಟ್ಟ ಕಂಪನಿ, ಬಿಡುವುದಿಲ್ಲ. ಹಾಗಾಗಿ ಚೂರುಗಳನ್ನು ಹುಡುಕಿ, ಜೋಡಿಸಿ, ರಿಜಿಸ್ಟರಿನಲ್ಲಿ ಟೇಪ್ ಹಾಕಿ ಅಂಟಿಸಬೇಕು. ತಾರೀಕು, ಸಮಯ, ಮೆಷಿನ್ ನಂಬರ್ ಬರೆಯಬೇಕು. ಆಮೇಲೆಯೇ ಹೊಸ ಸೂಜಿ ಕೊಡುವುದು. ನಾನು ಮ್ಯಾಗ್ನೆಟ್ ಹಿಡಿದು ನೆಲದ ಮೇಲೆ ಮಂಡಿಯೂರಿ ಚೂರು ಹುಡುಕಲು ಶುರು ಮಾಡಿದೆ. ಒಂದು ತುಂಡು ಸಿಕ್ಕಿತು. ಮೊನೆ ಸಿಗಲಿಲ್ಲ. ಮೆಷಿನ್ ಕೆಳಗೆ, ಬಂಡಲ್ ಒಳಗೆ, ಅವಳ ಚಪ್ಪಲಿ ಹತ್ತಿರ ಎಲ್ಲ ಹುಡುಕಿದೆ. ಅವಳು ಬೆರಳನ್ನು ಏಪ್ರನ್‌ನಲ್ಲಿ ಸುತ್ತಿಕೊಂಡು ಸುಮ್ಮನೆ ನಿಂತಿದ್ದಳು. ಕೊನೆಗೆ ಮೆಲ್ಲಗೆ ಹೇಳಿದಳು: "ಅಕ್ಕಾ, ಅದು ನನ್ನ ಬೆರಳಲ್ಲೇ ಇದೆ ಅನ್ಸುತ್ತೆ. ಸಾರಿ ಅಕ್ಕಾ, ಉಳಿದ ಪೀಸ್ ಮುಗಿಸಿ ಕೊಡ್ತೀನಿ."

ನರ್ಸ್ ಮೊನೆ ತೆಗೆದರು. ನಾನು ಅದನ್ನು ಒರೆಸಿ ರಿಜಿಸ್ಟರಿಗೆ ಅಂಟಿಸಿದೆ. ಅಪಘಾತದ ಪುಸ್ತಕದಲ್ಲಿ ಕಾರಣ ಅನ್ನುವ ಕಾಲಂ ಇತ್ತು. ಅಲ್ಲಿ ನನ್ನ ಕೈಯಿಂದಲೇ ‘ಕೆಲಸಗಾರಳ ಅಜಾಗ್ರತೆ’ ಅಂತ ಬರೆದೆ. ಬೇರೆ ಏನು ಬರೆಯಬೇಕು ಅಂತ ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಸ್ಟೈಲ್ ಬದಲಾದ ದಿನ ಟಾರ್ಗೆಟ್ ಇಳಿಸಲಿಲ್ಲ ಅಂತ ಬರೆಯಲು ಜಾಗ ಇಲ್ಲ. ಹತ್ತು ನಿಮಿಷದ ಹಿಂದೆ ಸೂಪರ್‌ವೈಸರ್ ಬೈದಿದ್ದಳು ಅಂತ ಬರೆಯಲೂ ಜಾಗ ಇಲ್ಲ. ಆ ಹುಡುಗಿ ಮುಂದಿನ ತಿಂಗಳು ಕೆಲಸ ಬಿಟ್ಟಳು. ನಾನು ಅವಳಿಗೆ ಕ್ಷಮೆ ಕೇಳಲಿಲ್ಲ. ಈಗ ಕೇಳೋಣ ಅಂದರೆ ಎಲ್ಲಿದ್ದಾಳೋ ಗೊತ್ತಿಲ್ಲ.

ನಾನು ಕೆಟ್ಟವಳಾಗಿದ್ದೆನಾ ಅಂತ ತುಂಬ ಸಲ ಯೋಚಿಸಿದ್ದೇನೆ. ಟೈಲರ್ ಆಗಿದ್ದಾಗ ನಾನೂ ಅಂಥದೇ ಮಾತು ಕೇಳಿಸಿಕೊಂಡು ಬಾತ್‌ರೂಮಿನಲ್ಲಿ ಅತ್ತವಳು. ಸೂಪರ್‌ವೈಸರ್ ಆದಾಗ ಹೀಗೆ ಮಾಡಬಾರದು ಅಂತಲೇ ಅಂದುಕೊಂಡಿದ್ದೆ. ಮೂರು ತಿಂಗಳೂ ಆಗಲಿಲ್ಲ. ಬಯರ್ ರೇಟ್ ಇಳಿಸುತ್ತಾನೆ, ದಿನ ಕಡಿಮೆ ಮಾಡುತ್ತಾನೆ. ಅದು ಮ್ಯಾನೇಜರ್ ತಲೆ ಮೇಲೆ ಬರುತ್ತದೆ, ಅಲ್ಲಿಂದ ಇನ್‌ಚಾರ್ಜ್, ಅಲ್ಲಿಂದ ನಾನು, ನನ್ನಿಂದ ಆ ಹುಡುಗಿ. ಅವಳಿಂದ ಮುಂದಕ್ಕೆ ಹೋಗಲು ಇನ್ನು ಯಾರೂ ಇಲ್ಲ. ಹಾಗಾಗಿ ಅದು ಅವಳ ಮೈಯೊಳಗೇ ಕೂರುತ್ತದೆ. ಕೆಲವರು ಮನೆಗೆ ಹೋಗಿ ಮಕ್ಕಳ ಮೇಲೆ ಹಾಕುತ್ತಾರೆ. ನಾನು ಹಾಕಿದ್ದೇನೆ. ರಾತ್ರಿ ಮಲಗಿದರೆ ಕಿವಿಯಲ್ಲಿ ಪೀಸ್ ಲೆಕ್ಕ ಓಡುತ್ತಿತ್ತು. 38ನೇ ವಯಸ್ಸಿಗೆ ಬಿಪಿ ಮಾತ್ರೆ ಶುರುವಾಯಿತು. ಡಾಕ್ಟರು ಉಪ್ಪು ಕಡಿಮೆ ಮಾಡಿ, ಟೆನ್ಷನ್ ಮಾಡ್ಕೋಬೇಡಿ ಅಂದರು. ಉಪ್ಪು ಕಡಿಮೆ ಮಾಡಿದೆ.

ನನ್ನ ಮಗಳು ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಓದುತ್ತಿದ್ದಾಳೆ. ಈ ವಿಷಯದ ಪಾಠ ಬಂದಾಗ ರಾತ್ರಿ ಕೂತು ನನಗೆ ಓದಿ ಹೇಳಿದಳು. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತಂತೆ. ವೈಟ್‌ಹಾಲ್ ಅಧ್ಯಯನ ಅಂತ ಅದರ ಹೆಸರು. ಸುಮಾರು 18,000 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ಜವಾಬ್ದಾರಿ ಜಾಸ್ತಿ ಇರುವ ದೊಡ್ಡ ಸಾಹೇಬರಿಗೇ ಹಾರ್ಟ್ ಅಟ್ಯಾಕ್ ಜಾಸ್ತಿ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಅಲ್ಲಿ ಸಿಕ್ಕಿದ್ದು ಉಲ್ಟಾ. ಎಲ್ಲಕ್ಕಿಂತ ಕೆಳಗಿನ ದರ್ಜೆಯ ನೌಕರರು ಹೃದಯದ ಕಾಯಿಲೆಯಿಂದ ಸಾಯುವುದು ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ವ್ಯತ್ಯಾಸದ ಬಹುಪಾಲು ಹಾಗೇ ಉಳಿಯಿತು. 1985ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಮೈಕೆಲ್ ಮಾರ್ಮಟ್ ಅನ್ನುವ ವಿಜ್ಞಾನಿಯ ತಂಡ ಎರಡನೇ ಅಧ್ಯಯನ ಶುರು ಮಾಡಿತು. ಆಗ ಗೊತ್ತಾದ ಒಂದು ಮುಖ್ಯ ಕಾರಣ, ತಮ್ಮ ಕೆಲಸದ ಮೇಲೆ ತಮಗೆ ಹಿಡಿತ ಇಲ್ಲದಿರುವುದು. ಯಾವಾಗ ಮಾಡಬೇಕು, ಹೇಗೆ ಮಾಡಬೇಕು, ಯಾವಾಗ ಐದು ನಿಮಿಷ ನಿಲ್ಲಿಸಬೇಕು ಅಂತ ಹೇಳುವ ಮಾತು ತಮ್ಮದಲ್ಲ ಅನ್ನುವುದು.

ಅದಕ್ಕೂ ಮುಂಚೆ, 1979ರಲ್ಲಿ, ರಾಬರ್ಟ್ ಕರಾಸೆಕ್ ಅನ್ನುವವರು ಇದನ್ನೇ ಒಂದು ಸೂತ್ರದ ಹಾಗೆ ಹೇಳಿದ್ದರು. ಕೆಲಸದ ಒತ್ತಡ ಜಾಸ್ತಿ ಇದ್ದು, ಹಿಡಿತ ಕಡಿಮೆ ಇದ್ದರೆ ಮನುಷ್ಯ ಕಾಯಿಲೆ ಬೀಳುತ್ತಾನೆ. ಒತ್ತಡ ಜಾಸ್ತಿ ಇದ್ದರೂ ಹಿಡಿತ ಇದ್ದರೆ ತಡೆದುಕೊಳ್ಳುತ್ತಾನೆ, ಹೊಸದನ್ನು ಕಲಿಯುತ್ತಾನೆ ಕೂಡ. ಆಮೇಲೆ ಜರ್ಮನಿಯ ಯೊಹಾನೆಸ್ ಸೀಗ್ರಿಸ್ಟ್ ಇನ್ನೊಂದು ಸೇರಿಸಿದರು: ಹಾಕುವ ಶ್ರಮಕ್ಕೆ ತಕ್ಕ ಸಂಬಳ, ಮರ್ಯಾದೆ, ಭದ್ರತೆ ವಾಪಸ್ ಬರದಿದ್ದರೆ ಅದೂ ಹೃದಯವನ್ನು ತಿನ್ನುತ್ತದೆ. ಮಗಳು ಇದನ್ನೆಲ್ಲ ಓದುವಾಗ ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ನಾನು ನೋಡಿದ್ದಕ್ಕೆ ಅಷ್ಟು ದೂರದಲ್ಲಿ ಯಾರೋ ಹೆಸರಿಟ್ಟಿದ್ದಾರೆ. ಈಗ ನನ್ನ ಅಂಗಡಿಯಲ್ಲಿ ಹಬ್ಬದ ಹಿಂದಿನ ದಿನ ರಾತ್ರಿ 11ರವರೆಗೆ ಹೊಲಿಯುತ್ತೇನೆ. ದಣಿವಾಗುತ್ತದೆ. ಆದರೆ ನೀರು ಬೇಕಾದಾಗ ಕುಡಿಯುತ್ತೇನೆ, ಬೆನ್ನು ನೋವು ಬಂದಾಗ ಎದ್ದು ಬಾಗಿಲಲ್ಲಿ ನಿಲ್ಲುತ್ತೇನೆ. ಅದೇ ಕೈ, ಅದೇ ಸೂಜಿ. ಬಿಪಿ ಮಾತ್ರೆ ಅರ್ಧಕ್ಕೆ ಇಳಿದಿದೆ.

ಮೈಯೊಳಗೆ ಆಗುವುದು ಇಷ್ಟು. ಯಾರಾದರೂ ಕಿರುಚಿದರೆ, ಹೆದರಿಸಿದರೆ, ದೇಹ ಓಡಲು ಇಲ್ಲ ಹೊಡೆದಾಡಲು ತಯಾರಾಗುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಏರುತ್ತವೆ. ಎದೆ ಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಕತ್ತು ಭುಜದ ಸ್ನಾಯು ಬಿಗಿಯುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದು ಒಳ್ಳೆಯದೇ. ಓಡಿ ಹೋದಮೇಲೆ ಎಲ್ಲ ಇಳಿಯುತ್ತದೆ. ಆದರೆ ಮೆಷಿನ್ ಮುಂದೆ ಕೂತವಳು ಓಡುವಂತಿಲ್ಲ, ಎದುರು ಮಾತಾಡುವಂತಿಲ್ಲ. ಗಂಟೆಗೊಂದು ಸಲ ಬೋರ್ಡ್ ಬರೆಯುವಾಗ ಮತ್ತೆ ಏರುತ್ತದೆ. ಹೀಗೆ ದಿನಕ್ಕೆ ಎಂಟು ಸಲ, ವಾರಕ್ಕೆ ಆರು ದಿನ, ಹತ್ತಾರು ವರ್ಷ. ರಕ್ತನಾಳ ಎಷ್ಟು ಅಂತ ತಡೆಯುತ್ತದೆ?

ಇದಕ್ಕೆ ಕೆಲಸದ ಗಂಟೆಯೂ ಸೇರಿದರೆ ಏನಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಲೆಕ್ಕ ಕೊಟ್ಟಿವೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ 35ರಷ್ಟು ಹೆಚ್ಚು. ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 2016ನೇ ಇಸವಿ ಒಂದರಲ್ಲೇ ಇಡೀ ಪ್ರಪಂಚದಲ್ಲಿ ಹೀಗೆ ಸತ್ತವರು 7 ಲಕ್ಷ 45 ಸಾವಿರ ಜನ. ಇಂಥ ಹೊತ್ತಿನಲ್ಲಿ, 2023ರಲ್ಲಿ, ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆವರೆಗೆ ಕೆಲಸ ಮಾಡಿಸಲು ದಾರಿ ಮಾಡಿಕೊಟ್ಟಿತು. ವಾರದ 48 ಗಂಟೆ ಮೀರುವುದಿಲ್ಲವಲ್ಲ, ನೌಕರರು ಒಪ್ಪಿದರೆ ಮಾತ್ರ ಅಲ್ಲವಾ ಅನ್ನುವವರಿದ್ದಾರೆ. ಅವರಿಗೆ ನನ್ನದೊಂದು ಪ್ರಶ್ನೆ. ಬಾತ್‌ರೂಮಿಗೆ ಹೋಗುತ್ತೇನೆ ಅಂತ ಹೇಳಲು ಹೆದರುವ ಹುಡುಗಿ, 12 ಗಂಟೆ ಆಗಲ್ಲ ಸರ್ ಅಂತ ಹೇಳುತ್ತಾಳಾ?

2016ರ ಏಪ್ರಿಲ್ ನಿಮಗೆ ನೆನಪಿರಬೇಕು. ಪಿಎಫ್‌ನಲ್ಲಿ ಕಂಪನಿಯ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಮೆಷಿನ್ ಬಿಟ್ಟು ಎದ್ದು ಹೊಸೂರು ರಸ್ತೆ, ತುಮಕೂರು ರಸ್ತೆ ತುಂಬಿದರು. ನಾನೂ ಇದ್ದೆ. ಎರಡೇ ದಿನಕ್ಕೆ, 19ನೇ ತಾರೀಕು, ಆ ನಿಯಮ ವಾಪಸಾಯಿತು. ಬರೀ ದುಡ್ಡಿಗಾಗಿ ಇಷ್ಟು ಸಿಟ್ಟು ಯಾಕೆ ಅಂತ ಟಿವಿಯವರು ಕೇಳುತ್ತಿದ್ದರು. ಕಾರಣ ಹೇಳುತ್ತೇನೆ. ನಮ್ಮಲ್ಲಿ ತುಂಬ ಜನ ಐದಾರು ವರ್ಷ ದುಡಿದು, ಮೈ ಸೋತಾಗ, ಕೆಲಸ ಬಿಡುತ್ತಾರೆ. ಪಿಎಫ್ ತೆಗೆದುಕೊಳ್ಳುತ್ತಾರೆ. ಎರಡು ಮೂರು ತಿಂಗಳು ಮನೆಯಲ್ಲಿರುತ್ತಾರೆ. ಮಗಳ ಫೀಸ್ ಕಟ್ಟುತ್ತಾರೆ, ಸಾಲ ತೀರಿಸುತ್ತಾರೆ, ನಿದ್ದೆ ಮಾಡುತ್ತಾರೆ. ಆಮೇಲೆ ಇನ್ನೊಂದು ಗೇಟಿನ ಮುಂದೆ ಟೈಲರ್ ಕೆಲಸಕ್ಕೆ ನಿಲ್ಲುತ್ತಾರೆ, ಹೊಸಬರ ಸಂಬಳಕ್ಕೆ. ಸುಧಾರಿಸಿಕೊಳ್ಳಲು ನಮಗಿದ್ದ ಒಂದೇ ದಾರಿ ಅದು. ಅದನ್ನೂ ಮುಚ್ಚಿದರು ಅಂತ ರಸ್ತೆಗೆ ಬಂದೆವು.

ಈಗ ನಿಮ್ಮ ಇಲಾಖೆಯ ಕೆಲಸಕ್ಕೆ ಬರುತ್ತೇನೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಪೀಕದಾನಿಗೂ ಒಂದು ಸೆಕ್ಷನ್ ಇತ್ತು. ಎಲ್ಲಿ ಇಡಬೇಕು, ಹೇಗೆ ಸ್ವಚ್ಛವಾಗಿಡಬೇಕು ಅಂತ. ನಿಂತು ಕೆಲಸ ಮಾಡುವವರಿಗೆ ಕೂರಲು ಜಾಗ ಕೊಡಬೇಕು ಅಂತ ಇತ್ತು. ಇದು ತಮಾಷೆ ಅಲ್ಲ. ಆ ಕಾಲದವರು ಮನುಷ್ಯರ ಮೈಯನ್ನು ಅಷ್ಟು ಹತ್ತಿರದಿಂದ ನೋಡಿ ಬರೆದಿದ್ದಾರೆ ಅಂತ ನನಗೆ ಗೌರವ ಇದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಹೊಸ ಸಂಹಿತೆ ಬಂದಿದೆ. ಕೆಲಸದಿಂದ ಬರುವ ಯಾವ ಯಾವ ಕಾಯಿಲೆಯನ್ನು ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಹೊಸದರಲ್ಲೂ ಒಂದು ಪಟ್ಟಿ ಇದೆ. ಸೀಸದ ವಿಷ, ಸಿಲಿಕೋಸಿಸ್, ಶಬ್ದದಿಂದ ಆಗುವ ಕಿವುಡು ಎಲ್ಲ ಇವೆ. ಮನಸ್ಸಿಗೆ ಆಗುವ ಕಾಯಿಲೆ ಒಂದೂ ಇಲ್ಲ. 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಅಂತ ಹೇಳಿದ್ದಾರೆ. ತುಂಬ ಒಳ್ಳೆಯದು. ಆದರೆ ನಮ್ಮ ಹುಡುಗಿಯರು 19, 20ಕ್ಕೆ ಲೈನಿಗೆ ಬರುತ್ತಾರೆ. 40ಕ್ಕೆ ಬಿಪಿ ಅಳೆದರೆ ಸಿಗುವುದು 20 ವರ್ಷದ ಬೋರ್ಡಿನ ಲೆಕ್ಕ.

ಇನ್‌ಸ್ಪೆಕ್ಟರ್ ಬರುವ ದಿನ ಏನಾಗುತ್ತದೆ ಅಂತಲೂ ಹೇಳಬೇಕು. ನಾವು ದಾರಿಯಲ್ಲಿರುವ ಬಂಡಲ್ ಎತ್ತಿಡುತ್ತೇವೆ. ಮಾಸ್ಕ್ ಹಾಕಿಕೊಳ್ಳುತ್ತೇವೆ. ಬೆಂಕಿ ಆರಿಸುವ ಸಿಲಿಂಡರ್ ಒರೆಸುತ್ತೇವೆ. ಸಾಹೇಬರು ಏನಾದರೂ ಕೇಳಿದರೆ ಹೀಗೆ ಹೇಳಬೇಕು ಅಂತ ಹಿಂದಿನ ದಿನವೇ ಎಚ್‌ಆರ್‌ನವರು ಹೇಳಿಕೊಟ್ಟಿರುತ್ತಾರೆ. ಬೆಳಗ್ಗೆ 11ಕ್ಕೆ ಬರುತ್ತಾರೆ, ಊಟಕ್ಕೆ ಮುಂಚೆ ಮುಗಿಯುತ್ತದೆ. ಆ ಹೊತ್ತಿಗೆ ಟಾರ್ಗೆಟ್ ಕೇಳುವವರೇ ಇಲ್ಲ. ಅವತ್ತು ನಾವು ನೀರು ಕುಡಿಯುತ್ತೇವೆ.

ಮನಸ್ಸಿನ ಆರೋಗ್ಯ ಅಂದ ಕೂಡಲೇ ಈಗ ಕಂಪನಿಗಳು ಮಾಡುವುದು ಯೋಗ ದಿನ, ಒಂದು ಗಂಟೆಯ ಭಾಷಣ, ಗೋಡೆಗೆ ಒಂದು ಪೋಸ್ಟರ್. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ನಾನೇ ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕಷ್ಟದಲ್ಲಿರುವವರು ದಯವಿಟ್ಟು ಫೋನ್ ಮಾಡಿ. ಆದರೆ ಫೋನ್ ಇಟ್ಟ ಮೇಲೆ ಅವಳು ವಾಪಸ್ ಹೋಗಿ ಕೂರುವುದು ಅದೇ ಬೋರ್ಡಿನ ಮುಂದೆ. ಉಸಿರಾಟದ ವ್ಯಾಯಾಮ ಕಲಿಸಿದರೆ 36 ಸೆಕೆಂಡ್ 45 ಸೆಕೆಂಡ್ ಆಗುವುದಿಲ್ಲ. ತಪ್ಪು ಅವಳ ಮನಸ್ಸಿನ ಬಲದ್ದು ಅನ್ನುವ ಹಾಗೆ ಮಾತಾಡುವುದನ್ನು ಮೊದಲು ಬಿಡಬೇಕು.

ಬೇರೆ ದೇಶಗಳು ಇದನ್ನು ಕಾನೂನಿನ ಕೆಲಸ ಅಂತಲೇ ನೋಡುತ್ತಿವೆ. ಜಪಾನಿನಲ್ಲಿ 2015ರ ಡಿಸೆಂಬರ್‌ನಿಂದ 50 ಅಥವಾ ಹೆಚ್ಚು ಜನ ಇರುವ ಕಡೆ ವರ್ಷಕ್ಕೊಮ್ಮೆ ಒತ್ತಡದ ತಪಾಸಣೆ ಮಾಡಲೇಬೇಕು. ಪ್ರಶ್ನೆಪತ್ರಿಕೆ ಕೊಡುತ್ತಾರೆ, ಫಲಿತಾಂಶ ನೇರವಾಗಿ ನೌಕರಳಿಗೇ ಹೋಗುತ್ತದೆ. ಅವಳು ಒಪ್ಪದೆ ಮಾಲೀಕರಿಗೆ ತೋರಿಸುವಂತಿಲ್ಲ. ಸ್ವೀಡನ್ನಿನಲ್ಲಿ 2016ರಿಂದ ಕೆಲಸದ ಹೊರೆ, ಕೆಲಸದ ಹೊತ್ತು, ಕೆಲಸದ ಜಾಗದಲ್ಲಿ ಅವಮಾನ ಮಾಡುವುದು ಇವುಗಳ ಬಗ್ಗೆಯೇ ನಿಯಮ ಇದೆ. ನಾವು ಅವರಷ್ಟು ಶ್ರೀಮಂತರಲ್ಲ ಅನ್ನಬಹುದು. ಆದರೆ ಪ್ರಪಂಚದಲ್ಲಿ ಖಿನ್ನತೆ ಮತ್ತು ಆತಂಕದಿಂದಲೇ ವರ್ಷಕ್ಕೆ 1,200 ಕೋಟಿ ಕೆಲಸದ ದಿನ ಹಾಳಾಗುತ್ತವೆ, ನಷ್ಟ ಒಂದು ಲಕ್ಷ ಕೋಟಿ ಡಾಲರ್ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನಮ್ಮ ಲೈನಿನಲ್ಲಿ ಸೋಮವಾರ ಐದಾರು ಮೆಷಿನ್ ಖಾಲಿ ಇರುತ್ತಿದ್ದವು. ಯಾಕೆ ಖಾಲಿ ಅಂತ ಯಾರೂ ಕೇಳಲಿಲ್ಲ. ಆಬ್ಸೆಂಟ್ ಆದವರಿಗೆ ಮಂಗಳವಾರ ಗೇಟಿನಲ್ಲೇ ಅರ್ಧ ಗಂಟೆ ನಿಲ್ಲಿಸುತ್ತಿದ್ದರು, ಅಷ್ಟೇ.

ನಮ್ಮ ಸರ್ಕಾರಕ್ಕೆ ಇದು ಆಗದ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ನಿಮ್ಮ ಸಂಪುಟ ಒಪ್ಪಿತು. ಅವತ್ತು ಸುದ್ದಿ ಕೇಳಿ ನಾನು ಅಂಗಡಿಯಲ್ಲಿ ಕೂತು ಅತ್ತಿದ್ದೇನೆ. ಹೆಂಗಸರ ಮೈಗೂ ಒಂದು ಲೆಕ್ಕ ಇದೆ ಅಂತ ಸರ್ಕಾರ ಒಪ್ಪಿಕೊಂಡ ದಿನ ಅದು. ಉಳಿದ 25 ದಿನದ ಬಗ್ಗೆ ನಾನೀಗ ಕೇಳುತ್ತಿದ್ದೇನೆ.

ಮೊದಲನೆಯದಾಗಿ, ಬೋರ್ಡನ್ನು ತಪಾಸಣೆಯ ಪಟ್ಟಿಗೆ ಸೇರಿಸಿ. ಹಿಂದಿನ ಮೂರು ತಿಂಗಳ ಗಂಟೆವಾರು ಟಾರ್ಗೆಟ್ ಪುಸ್ತಕ ಕೇಳಿ. ಸ್ಟೈಲ್ ಚೇಂಜ್ ಆದ ದಿನ ಎಷ್ಟು ಇಟ್ಟಿದ್ದರು, ಹತ್ತು ಜನ ರಜೆ ಇದ್ದ ದಿನ ಎಷ್ಟು ಇಟ್ಟಿದ್ದರು ನೋಡಿ. ಅದನ್ನು ಅಪಘಾತದ ಪುಸ್ತಕದ ಪಕ್ಕ ಇಟ್ಟು ತಾರೀಕು ಹೋಲಿಸಿ. ಎರಡೂ ಪುಸ್ತಕ ಕಾರ್ಖಾನೆಯಲ್ಲೇ ಇವೆ. ಯಾರೂ ಇಲ್ಲಿಯತನಕ ಪಕ್ಕಪಕ್ಕ ಇಟ್ಟಿಲ್ಲ. ಟಾರ್ಗೆಟ್ ಹಾಕುವಾಗ ಲೈನಿನ ಇಬ್ಬರು ಟೈಲರ್‌ಗಳು ಕೂತಿರಬೇಕು, ಅವರು ಸಹಿ ಹಾಕಬೇಕು ಅಂತ ನಿಯಮ ಮಾಡಿ. ಅಪಘಾತದ ಪುಸ್ತಕದ ‘ಕಾರಣ’ ಕಾಲಮ್ಮಿನಲ್ಲಿ ಅಜಾಗ್ರತೆ ಅನ್ನುವ ಪದವನ್ನು ಹಾಗೇ ಒಪ್ಪಿಕೊಳ್ಳಬೇಡಿ. ಆ ಗಂಟೆಯ ಟಾರ್ಗೆಟ್ ಎಷ್ಟಿತ್ತು ಅಂತ ಕೇಳಿ.

ಕಾರ್ಮಿಕ ಭವನದಿಂದ ನಿಮ್ಹಾನ್ಸ್ ಹೆಚ್ಚು ದೂರ ಇಲ್ಲ. ಅಲ್ಲಿನ ತಜ್ಞರನ್ನು ಕರೆದು ಕನ್ನಡದಲ್ಲಿ, ಹಿಂದಿಯಲ್ಲಿ, ಒಡಿಯಾದಲ್ಲಿ ಒಂದು ಸರಳ ಪ್ರಶ್ನೆಪತ್ರಿಕೆ ಮಾಡಿಸಿ. ಒಡಿಯಾ ಯಾಕೆ ಅಂದರೆ ಈಗ ನಮ್ಮ ಲೈನುಗಳಲ್ಲಿ ಒಡಿಶಾ, ಜಾರ್ಖಂಡ್‌ನ ಹುಡುಗಿಯರು ತುಂಬ ಇದ್ದಾರೆ. ಹಾಸ್ಟೆಲ್‌ನಲ್ಲಿರುತ್ತಾರೆ, ಬೈದದ್ದು ಅರ್ಥ ಆಗದಿದ್ದರೂ ಬೈದರು ಅಂತ ಗೊತ್ತಾಗುತ್ತದೆ. ಉತ್ತರ ಯಾವ ಹುಡುಗಿಯದು ಅಂತ ಕಂಪನಿಗೆ ಗೊತ್ತಾಗಬಾರದು. ಯಾವ ಫ್ಲೋರ್, ಯಾವ ಲೈನ್ ಅಂತ ಒಟ್ಟು ಲೆಕ್ಕ ಮಾತ್ರ ನಿಮ್ಮ ಕೈಗೆ ಬರಬೇಕು. ಇಎಸ್ಐ ಡಿಸ್ಪೆನ್ಸರಿಯ ಡಾಕ್ಟರಿಗೂ ಒಂದು ಮಾತು ಹೇಳಿ. ಉರಿಮೂತ್ರ, ಬಿಪಿ ಅಂತ ಬಂದವಳಿಗೆ ಎಲ್ಲಿ ಕೆಲಸ, ಗಂಟೆಗೆ ಎಷ್ಟು ಪೀಸ್, ದಿನಕ್ಕೆ ಎಷ್ಟು ಸಲ ಎದ್ದು ಹೋಗುತ್ತೀಯಮ್ಮ ಅಂತ ಕೇಳಲಿ, ಚೀಟಿಯಲ್ಲಿ ಬರೆಯಲಿ. ಒಂದೇ ಕಾರ್ಖಾನೆಯಿಂದ ಐವತ್ತು ಚೀಟಿ ಬಂದರೆ ನಿಮಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಸೂಪರ್‌ವೈಸರ್‌ಗಳನ್ನು ಮರೆಯಬೇಡಿ. ಅವರನ್ನು ಶಿಕ್ಷಿಸಿ ಅಂತ ನಾನು ಕೇಳುತ್ತಿಲ್ಲ. ನಮಗೆ ಮೆಷಿನ್ ಬಗ್ಗೆ ತರಬೇತಿ ಕೊಡುತ್ತಾರೆ, ಕ್ವಾಲಿಟಿ ಬಗ್ಗೆ ಕೊಡುತ್ತಾರೆ, ಮನುಷ್ಯರ ಹತ್ತಿರ ಹೇಗೆ ಮಾತಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಟ್ಟರೂ, ಮೇಲಿನಿಂದ ಬರುವ ಬೈಗುಳ ನಿಲ್ಲದೆ ಅದು ಉಳಿಯುವುದಿಲ್ಲ. ಲೈಂಗಿಕ ಕಿರುಕುಳಕ್ಕೆ 2013ರ ಕಾನೂನು ಬಂದಮೇಲೆ ಕಮಿಟಿ ಅಂತ ಒಂದಾದರೂ ಇದೆ. ದಿನಾ ಕೇಳುವ ಬೈಗುಳಕ್ಕೆ ಎಲ್ಲಿ ದೂರು ಕೊಡಬೇಕು ಅಂತ ಒಂದು ಜಾಗ ತೋರಿಸಿ.

ಇದು ಗಾರ್ಮೆಂಟ್ಸ್‌ನ ಕಥೆ ಮಾತ್ರ ಅಲ್ಲ ಅಂತ ನನಗೂ ಗೊತ್ತು. 2024ರಲ್ಲಿ ಐಟಿಯವರಿಗೆ 14 ಗಂಟೆ ಕೆಲಸದ ಪ್ರಸ್ತಾಪ ಬಂದಾಗ ಅವರ ಸಂಘ ಬೀದಿಗೆ ಬಂತು. ಟ್ರಿಪ್ ಲೆಕ್ಕದಲ್ಲಿ ಓಡುವ ಬಸ್ ಡ್ರೈವರ್‌ಗಳು, ಮೊಬೈಲ್ ನೋಡಿಕೊಂಡು ಗಾಡಿ ಓಡಿಸುವ ಡೆಲಿವರಿ ಹುಡುಗರು, ಬ್ಯಾಂಕಿನಲ್ಲಿ ಪಾಲಿಸಿ ಮಾರಬೇಕಾದ ಮಕ್ಕಳು, ಎಲ್ಲರ ಮುಂದೆಯೂ ಒಂದೊಂದು ಬೋರ್ಡ್ ಇದೆ. ಅವರ ಬೋರ್ಡಿನ ಬಗ್ಗೆ ಅವರೇ ಚೆನ್ನಾಗಿ ಹೇಳುತ್ತಾರೆ, ಅವರನ್ನೂ ಕೇಳಿ. ನನಗೆ ಗೊತ್ತಿರುವುದು ಈ ಬಿಳಿ ಬೋರ್ಡ್.

ಕೊನೆಯದಾಗಿ ಒಂದು ಕೋರಿಕೆ. ಮುಂದಿನ ಸಲ ತಪಾಸಣೆಗೆ ಬರುವಾಗ ಬೆಳಗ್ಗೆ 11ಕ್ಕೆ ಬರಬೇಡಿ. ಹೇಳದೆ ಬನ್ನಿ. ತಿಂಗಳ ಕೊನೆಯ ವಾರ, ಶಿಪ್‌ಮೆಂಟ್ ಹತ್ತಿರ ಇರುವಾಗ, ಸಂಜೆ ನಾಲ್ಕೂವರೆಗೆ ಬನ್ನಿ. ಆಫೀಸ್ ರೂಮಿಗೆ ಹೋಗಬೇಡಿ, ಕಾಫಿ ಕುಡಿಯಬೇಡಿ. ಸೀದಾ ಲೈನಿನ ತುದಿಗೆ ಹೋಗಿ ಬೋರ್ಡ್ ಪಕ್ಕ ಒಂದು ಗಂಟೆ ನಿಂತುಕೊಳ್ಳಿ. ಎಷ್ಟು ಜನ ಎದ್ದು ನೀರು ಕುಡಿದರು ಎಣಿಸಿ. ಆಮೇಲೆ ಗೇಟಿನ ಹೊರಗೆ, ಬಸ್ ಸ್ಟಾಪಿನಲ್ಲಿ, ಎಚ್‌ಆರ್ ಇಲ್ಲದ ಕಡೆ ಹೆಂಗಸರ ಜೊತೆ ಮಾತಾಡಿ. ಒಬ್ಬರೇ ಮಾತಾಡಲು ಅವರು ಹೆದರಿದರೆ ನಾನು ಬರುತ್ತೇನೆ. ಭಾನುವಾರ ಬಿಟ್ಟು ಯಾವ ದಿನ ಕರೆದರೂ ಅಂಗಡಿ ಬಾಗಿಲು ಹಾಕಿ ಬರುತ್ತೇನೆ. ಭಾನುವಾರ ನಮ್ಮ ಲೈನಿನ ಹಳೆಯ ಗೆಳತಿಯರು ಬ್ಲೌಸ್ ಕೊಡಲು ಬರುತ್ತಾರೆ, ಅವತ್ತು ಒಂದೇ ಅವರಿಗೆ ರಜೆ.

ಇಂತಿ ನಿಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಮಾಜಿ ಗಾರ್ಮೆಂಟ್ಸ್ ಸೂಪರ್‌ವೈಸರ್